ಬೆಲ್‌ಕೂರ್ ಚೌಕದ ಕೆಂಪು ಟೋಪಿ

ಫೋರ್ಟ್ ಲೀಯ ನಮ್ಮ ಅಪಾರ್ಟ್‌ಮೆಂಟಿನ ಹಾಲಿನ ಕಿಟಕಿಯಿಂದ ದೊಡ್ಡ ಸೇತುವೆಯ ಒಂದು ಕಂಬ ಮಾತ್ರ ಕಾಣಿಸುತ್ತಿತ್ತು. ಮಿಕ್ಕದ್ದನ್ನೆಲ್ಲ ಎದುರಿನ ಕಟ್ಟಡ ನುಂಗಿ ಹಾಕಿತ್ತು. ಆದರೆ ಅದೇ ಹಾಲಿನ ಮೂಲೆಯಲ್ಲಿದ್ದ ಕಂಪ್ಯೂಟರಿನೊಳಗೆ ಫ್ರಾನ್ಸಿನ ಲಿಯಾನ್ ಎಂಬ ಊರಿನ ಒಂದು ಚೌಕ ಇಡಿಯಾಗಿ ಕಾಣಿಸುತ್ತಿತ್ತು. ಬಾಲ್ಯದ ಮನೆ ಎಂದರೆ ಬೇರೆಯವರಿಗೆ ಅಂಗಳವೋ ಅಡುಗೆಮನೆಯೋ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಆ ಬೆಲ್‌ಕೂರ್ ಚೌಕ: ಕೆಂಪು ಗರಸಿನ ನೆಲ, ಅಂಚಿಗೆ ಮರಗಳ ಸಾಲು, ನಟ್ಟನಡುವೆ ಕುದುರೆಯೇರಿದ ಯಾವನೋ ರಾಜ, ದೂರದ ಗುಡ್ಡದ ಮೇಲೊಂದು ಬಿಳಿಯ ಚರ್ಚು. ಮುನ್ನೂರು ವರ್ಷಗಳ ಹಳೆಯ ಚೌಕವಂತೆ, ಯುರೋಪಿಗೇ ದೊಡ್ಡವುಗಳಲ್ಲಿ ಒಂದಂತೆ. ಇರಲಿ. ನನಗೆ ಮಾತ್ರ ಆ ಜಾಗದ ಮೇಲೆ ಇವತ್ತಿಗೂ ಸಿಟ್ಟಿದೆ. ಕಲ್ಲುಮಣ್ಣಿನ ಮೇಲೆ ಸಿಟ್ಟು ಮಾಡಿಕೊಳ್ಳುವವಳು ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ.

ಒಂದೇ ಬೆಡ್‌ರೂಮಿನ ಮನೆ ನಮ್ಮದು. ಬೆಡ್‌ರೂಮು ಅಜ್ಜಿಗೂ ನನಗೂ, ಹಾಲಿನ ಸೋಫಾ ಅಮ್ಮನಿಗೆ. ಅಜ್ಜಿ ಅಂದರೆ ಅಪ್ಪನ ತಾಯಿ. ಕೂಡಲಸಂಗಮದ ಹತ್ತಿರದ ಊರಿನವಳು, ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಅಮ್ಮ ಮೈಸೂರಿನವಳು. ಇಬ್ಬರ ನಡುವೆ ಜಗಳವಾದರೆ ಅದು ರೊಟ್ಟಿ ದೊಡ್ಡದೋ ಮುದ್ದೆ ದೊಡ್ಡದೋ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು, ಮತ್ತು ಆ ಜಗಳ ಕೇಳುವುದಕ್ಕೆ ನನಗೆ ಖುಷಿಯಾಗುತ್ತಿತ್ತು. ಅಜ್ಜಿ ಬಂದು ತಿಂಗಳಾಗುವುದರೊಳಗೆ ಅಪ್ಪನ ಕಂಪನಿ ಅವನನ್ನು ಲಿಯಾನಿಗೆ ಕಳಿಸಿತು. ಆಗೆಲ್ಲ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಯಾವ ಅಂಕಲ್ ಸಿಕ್ಕಿದರೂ ಪ್ರಾಜೆಕ್ಟಿನ ಮಾತೇ. ಯಾರಿಗೆ ಎಲ್ಲಿ ಪ್ರಾಜೆಕ್ಟ್, ಯಾರ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು, ಅಷ್ಟೇ ಪ್ರಪಂಚ. ಅಪ್ಪನಿಗೆ ಯುರೋಪಿನ ಪ್ರಾಜೆಕ್ಟ್ ಸಿಕ್ಕಿದ್ದನ್ನು ಅಜ್ಜಿ ಊರಿಗೆ ಫೋನು ಮಾಡಿ ಓಣಿಗೆಲ್ಲ ಹೇಳಿದ್ದಳು. ಮಗನಿಗೆ ಕೈಯಡುಗೆ ಮಾಡಿಹಾಕಲು ಬಂದವಳು ಮಗನಿಲ್ಲದ ಮನೆಯಲ್ಲಿ ಉಳಿದದ್ದು ಮಾತ್ರ ಅವಳಿಗೆ ಒಳಗೊಳಗೇ ನೋವಾಗಿತ್ತು.

ಚೌಕದ ಉಪಾಯ ಅಪ್ಪನದೇ. ಅಲ್ಲಿನ ಯಾವುದೋ ಹೋಟೆಲಿನವರು ಚಾವಣಿಯ ಮೇಲೆ ಕ್ಯಾಮೆರಾ ಕಟ್ಟಿದ್ದರು. ಅದು ಆಗಾಗ ಒಂದು ಚಿತ್ರ ತೆಗೆದು ಇಂಟರ್‌ನೆಟ್ಟಿಗೆ ಹಾಕುತ್ತಿತ್ತು. ಅವನ ಊಟದ ಬಿಡುವು ನಮ್ಮ ಬೆಳಗಿನ ಜಾವ ಕಳೆದ ಹೊತ್ತು. ಆಗ ಅವನು ಆಫೀಸಿನಿಂದ ನಡೆದು ಬಂದು ರಾಜನ ಪೀಠದ ಎಡಕ್ಕೆ ನಿಂತು ಬಲಗೈ ಎತ್ತುವುದು, ನಾವು ಇಲ್ಲಿಂದ ನೋಡುವುದು. ಎತ್ತರದಿಂದ ತೆಗೆದ ಚಿತ್ರದಲ್ಲಿ ಮನುಷ್ಯರು ಕಾಳಿನಷ್ಟೇ ಕಾಣಿಸುತ್ತಿದ್ದುದರಿಂದ ಗುರುತಿಗೆ ಇರಲಿ ಎಂದು ಅಮ್ಮ ಅವನಿಗೊಂದು ಕೆಂಪು ಟೋಪಿ ಕೊಟ್ಟು ಕಳಿಸಿದ್ದಳು. ಪ್ರತಿ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವ ಮುಂಚೆ ಮೋಡೆಮ್ ಕಿರುಚಿ ಕಿರುಚಿ ಸುಮ್ಮನಾಗುತ್ತಿತ್ತು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಚರ್ಚು, ಗುಡ್ಡ, ರಾಜನ ತಲೆ, ಕುದುರೆ, ಕೊನೆಗೆ ಅಪ್ಪ. ಅಷ್ಟು ಹೊತ್ತು ನಾವು ಮೂವರೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡ ಅಜ್ಜಿ ಮಗನನ್ನು ನೋಡದೆ ಚಹಾ ಮುಟ್ಟುತ್ತಿರಲಿಲ್ಲ.

ರಾಜನ ಪೀಠದ ಕೆಳಗೆ ಒರಗಿ ಕೂತ ಎರಡು ಮೂರ್ತಿಗಳಿದ್ದವು. ಅವು ಯಾವ ದೇವರು ಎಂದು ಅಜ್ಜಿ ಫೋನಿನಲ್ಲಿ ಕೇಳಿದಾಗ ಅಪ್ಪ, ದೇವರಲ್ಲ, ನದಿಗಳು, ಒಂದು ಗಂಡು, ಒಂದು ಹೆಣ್ಣು, ಚೌಕದ ಎರಡೂ ಕಡೆ ಹರಿದು ಹೋಗಿ ಊರ ತುದಿಯಲ್ಲಿ ಕೂಡುತ್ತವೆ ಎಂದು ಹೇಳಿದ. ಅಜ್ಜಿಯ ಮುಖ ಅರಳಿತು.

"ಹಂಗಂದ್ರ ಅದೂ ಸಂಗಮದ ಊರು. ನನ್ನ ಮಗ ಚಲೋ ಜಾಗಾದಾಗ ಅದಾನ ಬಿಡು."

ಅವತ್ತಿನಿಂದ ಅವಳು ಪರದೆಗೂ ಕೈ ಮುಗಿಯತೊಡಗಿದಳು. ರಾಜನಿಗೋ, ನದಿಗೋ, ಮಗನಿಗೋ ನಾನು ಕೇಳಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಲಿಯಾನಿನ ಪ್ರಾಜೆಕ್ಟ್ ಮುಗಿಯಿತು. ಮುಗಿಯಿತು ಎಂದರೆ ನಿಂತುಹೋಯಿತು. ಕಂಪನಿಯವರು ಅಪ್ಪನನ್ನು ವಾಪಸು ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಮುಂದಿನ ಪ್ರಾಜೆಕ್ಟಿಗಾಗಿ ಕೆಲಸವಿಲ್ಲದೆ ಕಾಯುವುದಕ್ಕೆ ಆಗ ಹಾಗೆನ್ನುತ್ತಿದ್ದರು. ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ನಾವೆಲ್ಲರೂ ಹೋಗಬೇಕು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆದರೆ ಓದುವವರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದೇ ಸಾಕಷ್ಟಾಗಿತ್ತು. ಅಪ್ಪ ನ್ಯೂವರ್ಕಿನಲ್ಲಿ ವಿಮಾನ ಇಳಿದವನು ಮನೆಗೆ ಬರಲಿಲ್ಲ. ನೇರವಾಗಿ ಐಸೆಲಿನ್‌ನಲ್ಲಿದ್ದ ಕಂಪನಿಯ ಗೆಸ್ಟ್ ಹೌಸಿಗೆ ಹೋದ. ಅವನಂಥವರೇ ಏಳೆಂಟು ಜನ ಅಲ್ಲಿ ಹಾಸಿಗೆ ಹಾಸಿಕೊಂಡು ಇಂಟರ್‌ವ್ಯೂ ಫೋನಿಗೆ ಕಾಯುತ್ತಿದ್ದರು. ಅಲ್ಲಿಂದ ಅಮ್ಮನಿಗೆ ಫೋನು ಮಾಡಿ ಅವನು ಹೇಳಿದ ಮಾತನ್ನು ಅಮ್ಮ ನನಗೆ ಎಷ್ಟೋ ವರ್ಷಗಳ ಮೇಲೆ ಹೇಳಿದಳು.

"ಅವ್ವ ಊರಿಗೆ ಹೋಗೂತನಕ ಅಷ್ಟ. ಆಕಿ ಮುಂದ ಹಗಲೊತ್ತು ಮನ್ಯಾಗ ಕೂಡಲಿಕ್ಕೆ ನನ್ನ ಕಡಿಂದ ಆಗೂದಿಲ್ಲ. ಹೆಂಗರ ಮಾಡಿ ಸಂಭಾಳಿಸು."

ಸಂಭಾಳಿಸು ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಂಭಾಳಿಸುವವರು ಯಾವಾಗಲೂ ಬೇರೆಯವರೇ ಆಗಿರುತ್ತಾರೆ. ಮಾರನೆಯ ಬೆಳಿಗ್ಗೆ ಅಪ್ಪನಿಗೆ ಮೀಟಿಂಗ್ ಇದೆ, ಇನ್ನು ಮೇಲೆ ಚೌಕಕ್ಕೆ ಬರಲು ಆಗುವುದಿಲ್ಲವಂತೆ ಎಂದು ಹೇಳುವುದೆಂದು ಅಮ್ಮ ತಯಾರಾಗಿದ್ದಳು. ಆದರೆ ಅವಳು ಅಡುಗೆಮನೆಯಿಂದ ಬರುವುದರೊಳಗೆ ನಾನು ಕಂಪ್ಯೂಟರ್ ಹಾಕಿಬಿಟ್ಟಿದ್ದೆ. ಚಿತ್ರ ಇಳಿಯಿತು. ರಾಜನ ಎಡಕ್ಕೆ ಒಂದು ಕೆಂಪು ಚುಕ್ಕೆಯಿತ್ತು.

"ದೇರ್ ಹೀ ಈಸ್," ಎಂದೆ ನಾನು.

"ಬಂದಾನ, ಬಂದಾನ," ಎಂದಳು ಅಜ್ಜಿ.

ಅಮ್ಮ ಸೌಟು ಹಿಡಿದುಕೊಂಡೇ ಬಂದು ನಮ್ಮ ಹಿಂದೆ ನಿಂತಳು. ಬಗ್ಗಿ ಆ ಚುಕ್ಕೆಯನ್ನು ನೋಡಿದಳು. ಆಮೇಲೆ "ಹೂಂ" ಎಂದಳು. ಅವತ್ತು ಆ ಸುಳ್ಳಿಗೆ ಅವಳು ಸೇರಿಸಿದ್ದು ಆ ಒಂದು ಹೂಂ ಮಾತ್ರ. ಉಳಿದದ್ದನ್ನು ಮುಕ್ಕಾಲು ಪಾಲು ನಾನೂ ಅಜ್ಜಿಯೂ ಕಟ್ಟಿಕೊಂಡೆವು.

ಯಾರೋ ಒಬ್ಬ ಮನುಷ್ಯ ದಿನವೂ ಅದೇ ಹೊತ್ತಿಗೆ ಕೆಂಪು ಟೋಪಿ ಹಾಕಿಕೊಂಡು ಅದೇ ಜಾಗಕ್ಕೆ ಬರುತ್ತಿದ್ದ. ಮೊದಲೂ ಬರುತ್ತಿದ್ದನೋ ಏನೋ, ಅಪ್ಪ ಸಿಕ್ಕಿದ ಮೇಲೆ ಬೇರೆಯವರನ್ನು ನೋಡುವ ಗೊಡವೆ ನಮಗೆ ಇರಲಿಲ್ಲ. ಈ ಮನುಷ್ಯ ಕೈ ಎತ್ತುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಅಮ್ಮ, ಅಪ್ಪನಿಗೆ ತೋಳು ನೋವಂತೆ ಎಂದಳು. ಅವನ ಸುತ್ತ ಪಾರಿವಾಳಗಳು ಬೂದು ಚುಕ್ಕೆಗಳಾಗಿ ನೆರೆಯುತ್ತಿದ್ದವು. ನನ್ನ ಮಗ ಹಕ್ಕಿಗೆ ಕಾಳು ಹಾಕುವಷ್ಟು ದೊಡ್ಡ ಮನಸ್ಸಿನವನಾದ ಎಂದು ಅಜ್ಜಿ ಹಿಗ್ಗಿದಳು. ಅವನು ಸ್ವಲ್ಪ ದಪ್ಪಗೂ ಇದ್ದ. ಅದಕ್ಕೂ ಅವಳ ಹತ್ತಿರ ಕಾರಣವಿತ್ತು.

"ಅಲ್ಲೆ ಬೆಣ್ಣಿ ಭಾಳ ತಿಂತಾರಂತ. ತಿನ್ಲಿ. ಇಲ್ಲಿದ್ದಾಗ ಬರೇ ಎಲುಬು ಕಾಣ್ತಿದ್ದು."

ನಾನೀಗ ಆಸ್ಪತ್ರೆಯಲ್ಲಿ ಸ್ಕ್ಯಾನ್ ಚಿತ್ರಗಳನ್ನು ಓದುವ ಡಾಕ್ಟರು. ದಿನವಿಡೀ ಬೂದು ಬಣ್ಣದ ಚುಕ್ಕೆಗಳನ್ನು ನೋಡಿ ಇದು ಏನು, ಏನಲ್ಲ ಎಂದು ಹೇಳುವುದೇ ಕೆಲಸ. ಗಡಿಬಿಡಿಯಲ್ಲಿ ಹೇಳುವುದಿಲ್ಲ ಎಂದು ಜೊತೆಯವರು ದೂರುತ್ತಾರೆ. ಎರಡೆರಡು ಸಲ ನೋಡುತ್ತೇನೆ, ಹಳೆಯ ಚಿತ್ರ ತರಿಸಿ ಪಕ್ಕದಲ್ಲಿಟ್ಟು ನೋಡುತ್ತೇನೆ. ನೋಡಬೇಕೆಂದು ಆಸೆಪಟ್ಟದ್ದೇ ಕಣ್ಣಿಗೆ ಕಾಣುತ್ತದೆ ಎಂಬುದನ್ನು ನನಗೆ ಯಾವ ಮೆಡಿಕಲ್ ಸ್ಕೂಲೂ ಕಲಿಸಬೇಕಾಗಿ ಬರಲಿಲ್ಲ.

ಅಪ್ಪ ವಾರಕ್ಕೊಮ್ಮೆ 'ಫ್ರಾನ್ಸಿನಿಂದ' ಫೋನು ಮಾಡುತ್ತಿದ್ದ. ಏನು ಉಂಡೆ ಎಂದು ಅಜ್ಜಿ ಕೇಳುವಳು, ಬ್ರೆಡ್ಡು, ಸೂಪು ಎಂದು ಅವನು ಹೇಳುವನು. ಒಂದು ಸಲ ಅವನ ಹಿಂದೆ ಕುಕ್ಕರ್ ಕೂಗಿದ್ದು ನಮಗೆಲ್ಲ ಕೇಳಿಸಿತು, ಯಾರೋ ತೆಲುಗಿನಲ್ಲಿ ಒಲೆ ಆರಿಸಲು ಹೇಳಿದರು.

"ಅಲ್ಲೆ ಕುಕ್ಕರ್ ಸಿಗ್ತದೇನೋ?" ಎಂದಳು ಅಜ್ಜಿ.

"ಸಿಗ್ತದವ್ವಾ. ಎಲ್ಲಾ ಸಿಗ್ತದ," ಎಂದ ಅಪ್ಪ.

ಮನೆಯಲ್ಲಿ ಆಗ ಇನ್ನೊಂದು ಜಗಳ ಹುಟ್ಟಿಕೊಂಡಿತು. ಮೊದಲೆಲ್ಲ ಶನಿವಾರ ಬಂತೆಂದರೆ ನಾವು ಡ್ರೈವ್ ಮಾಡಿಕೊಂಡು ಐಸೆಲಿನ್ನಿಗೆ ಹೋಗುತ್ತಿದ್ದೆವು. ಓಕ್ ಟ್ರೀ ರೋಡಿನ ನಮ್ಮ ದೇಶದವರ ಅಂಗಡಿಗಳಲ್ಲಿ ತರಕಾರಿ, ಬೇಳೆ, ಅಜ್ಜಿಗೆ ಜೋಳದ ಹಿಟ್ಟು, ನನಗೊಂದು ಸಮೋಸ. ಈಗ ಅಮ್ಮ ಆ ದಾರಿಯನ್ನೇ ಬಿಟ್ಟುಬಿಟ್ಟಳು. ಟ್ರಾಫಿಕ್ ಎಂದಳು, ಕಾರಿನಲ್ಲಿ ಏನೋ ಸದ್ದು ಬರುತ್ತದೆ ಎಂದಳು, ಮನೆ ಹತ್ತಿರದ ಕೊರಿಯನ್ ಅಂಗಡಿಯಿಂದಲೇ ಎಲ್ಲ ತಂದಳು. ಕೊರಿಯನ್ನರ ಬದನೆಕಾಯಿ ಮೊಳದುದ್ದ ಇರುತ್ತದೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಇದರಾಗ ಎಣ್ಣಿಗಾಯಿ ಹೆಂಗ ಮಾಡ್ಲೆವಾ? ಮಸಾಲಿ ತುಂಬೂದೆಲ್ಲಿ? ಒಂದ ಸಲ ಐಸೆಲಿನ್ನಿಗೆ ಕರಕೊಂಡು ಹೋಗು. ಸಣ್ಣ ಬದನಿಕಾಯಿ ತರೋಣು."

"ಮುಂದಿನ ವಾರ ಹೋಗೋಣ ಅತ್ತೆ," ಎಂದಳು ಅಮ್ಮ.

ಮುಂದಿನ ವಾರಗಳು ಬಂದು ಹೋದವು. ಅಜ್ಜಿ ಹೊರಡುವ ದಿನ ಹತ್ತಿರವಾಯಿತು. ಅವಳ ಸೂಟ್‌ಕೇಸು ಬೆಡ್‌ರೂಮಿನ ಗೋಡೆಗೆ ಒರಗಿ ನಿಂತಿತು. ಮಗನನ್ನು ಕಣ್ಣಾರೆ ನೋಡದೆ ಹೋಗುತ್ತೇನೆ ಎಂದು ಅವಳು ಗೋಳಾಡಲಿಲ್ಲ. ಪುಣ್ಯಕ್ಕೆ ದಿನಾ ಕಂಪ್ಯೂಟರಿನಲ್ಲಾದರೂ ಕಾಣುತ್ತಾನಲ್ಲ ಎಂದು ಲಿಫ್ಟಿನಲ್ಲಿ ಸಿಕ್ಕ ಆಂಟಿಯರಿಗೆ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳುವಾಗ ಅಮ್ಮ ಲಿಫ್ಟಿನ ನಂಬರುಗಳನ್ನೇ ನೋಡುತ್ತಿದ್ದಳು. ಆ ದಿನಗಳಲ್ಲಿ ಅಮ್ಮ ಸುಮ್ಮಸುಮ್ಮನೆ ನನ್ನ ಮೇಲೆ ರೇಗುತ್ತಿದ್ದಳು, ರೇಗಿದ ಮೇಲೆ ತಲೆ ಬಾಚುತ್ತಿದ್ದಳು. ಮನೆಯಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ನಾನು ಒಳ್ಳೆಯ ಹುಡುಗಿಯಾದರೆ ಸರಿಹೋಗುತ್ತದೆ ಎಂದುಕೊಂಡು ಹಾಲನ್ನು ಒಂದೇ ಗುಟುಕಿಗೆ ಕುಡಿಯತೊಡಗಿದೆ.

ಅಜ್ಜಿ ಹೊರಡುವ ಹಿಂದಿನ ವಾರ ಭೀಮನ ಅಮಾವಾಸ್ಯೆ ಬಂತು. ಆಷಾಢದ ಕೊನೆಯ ಆ ದಿನ ಹೆಂಡತಿಯಾದವಳು ಗಂಡನ ಪಾದ ತೊಳೆದು, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಗಂಟು ಹಾಕಿದ ಅರಿಸಿನದ ದಾರವನ್ನು ಕೈಗೆ ಕಟ್ಟಿಸಿಕೊಳ್ಳುವುದು ಅಮ್ಮನ ತವರಿನ ಪದ್ಧತಿ. ಬೇರೆ ವಿಷಯದಲ್ಲಿ ಅಮ್ಮ ಅಷ್ಟೇನೂ ಮಡಿಯವಳಲ್ಲ, ಆದರೆ ಇದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಅಪ್ಪ ಸಂಕೋಚದಿಂದ ಕಾಲ್ಬೆರಳು ಮಡಚಿಕೊಂಡು ಕೂರುತ್ತಿದ್ದುದು ನನಗೆ ನೆನಪಿದೆ. ಅಜ್ಜಿ ಮೊದಲೆಲ್ಲ ಇದನ್ನು ಗೇಲಿ ಮಾಡುತ್ತಿದ್ದಳು: ನಮ್ಮ ಕಡೆ ಅವನ ಕಾಲು ಅವನ ತೊಳ್ಕೋತಾನವಾ. ಈ ಸಲ ಅಮ್ಮ ಏನೂ ತಯಾರಿ ಮಾಡದಿದ್ದುದನ್ನು ಕಂಡು, ಗಂಡನಿಲ್ಲವೆಂದು ಸೊಸೆ ಒಳಗೇ ಕೊರಗುತ್ತಿದ್ದಾಳೆ ಎಂದು ಅಜ್ಜಿ ತಿಳಿದಳು. ತನ್ನದಲ್ಲದ ಪದ್ಧತಿಯನ್ನು ತಾನೇ ಹೊತ್ತುಕೊಂಡಳು. ಬೆಳಿಗ್ಗೆ ನಾನು ಎದ್ದು ಬರುವಾಗ ಹಾಲಿನಲ್ಲಿ ತಂಬಿಟ್ಟಿನ ದೀಪ ಉರಿಯುತ್ತಿತ್ತು. ಸ್ಮೋಕ್ ಅಲಾರ್ಮಿಗೆ ಅಜ್ಜಿ ಶವರ್ ಕ್ಯಾಪ್ ತೊಡಿಸಿದ್ದಳು. ಕಂಪ್ಯೂಟರಿನ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೀಬೋರ್ಡ್ ಸರಿಸಿ, ಆ ಜಾಗದಲ್ಲಿ ತಟ್ಟೆ, ತಂಬಿಗೆ, ಹೂವು ಜೋಡಿಸಿದ್ದಳು.

"ಏನತ್ತೆ ಇದು?" ಎಂದಳು ಅಮ್ಮ.

"ಇಲ್ಲೇ ಮಾಡು. ಅಂವ ಬರ್ತಾನಲ್ಲ. ಕಾಣಸ್ತಾನಲ್ಲ. ಇಷ್ಟು ವರ್ಷ ಮಾಡಿದ್ದು ತಪ್ಪಸಬ್ಯಾಡ."

"ಕಂಪ್ಯೂಟರ್‌ಗೆಲ್ಲ ಪಾದಪೂಜೆ ಮಾಡ್ತಾರಾ ಅತ್ತೆ. ಬೇಡ."

"ಫೋಟೋಕ್ಕ ಮಾಡೂದಿಲ್ಲೇನು? ಇದು ಜೀವಂತ ಐತಿ. ಅಮೂ, ಹಚ್ಚವಾ."

ಅಮೂ ಎಂದರೆ ನಾನು. ಹಚ್ಚಿದೆ. ಆಕಾಶ ಇಳಿಯಿತು, ಗುಡ್ಡ ಇಳಿಯಿತು, ರಾಜ ಇಳಿದ. ಕೆಂಪು ಟೋಪಿಯ ಮನುಷ್ಯ ಪಾರಿವಾಳಗಳ ನಡುವೆ ನಿಂತಿದ್ದ. ಅಜ್ಜಿ ಅಮ್ಮನ ಬೆರಳನ್ನು ತಾನೇ ಅರಿಸಿನದ ಬಟ್ಟಲಿಗೆ ಅದ್ದಿಸಿದಳು.

"ಕಾಲು ಎಲ್ಲಿ ಅದಾವ ನೋಡಿ ಹಚ್ಚು. ಗರಸಿನ್ಯಾಗ ನೆಟ್ಟಗ ಕಾಣೂದಿಲ್ಲ."

ಅಮ್ಮ ಬೆರಳು ಚಾಚಿದಳು. ಗಾಜಿನ ಹತ್ತಿರ ಹೋಗುವಾಗ ಅವಳ ಮುಂಗೈಯ ಕೂದಲು ನಿಮಿರಿದ್ದು ನನಗೆ ಕಾಣಿಸಿತು. ಆ ಹಳೆಯ ಮಾನಿಟರುಗಳ ಹತ್ತಿರ ಕೈ ಒಯ್ದರೆ ಹಾಗಾಗುತ್ತಿತ್ತು. ಬೆರಳು ಅಲ್ಲೇ ನಿಂತಿತು. ಅರಿಸಿನದ ಒಂದು ಹನಿ ಮೇಜಿನ ಮೇಲೆ ಬಿತ್ತು. ಸುಳ್ಳು ನುಂಗಿಕೊಂಡು ಅಷ್ಟು ದಿನ ಸಾಗಿಸಿದವಳಿಗೆ ಇದೊಂದನ್ನು ಮಾಡಲಾಗಲಿಲ್ಲ.

"ಆಗಲ್ಲ ಅತ್ತೆ," ಎಂದಳು. "ಇವರು ಅವರಲ್ಲ."

"ಏನಂದಿ?"

"ಇವರು ಯಾರೋ. ನನಗೆ ಗೊತ್ತಿಲ್ಲ ಇವರು ಯಾರು ಅಂತ. ನಿಮ್ಮ ಮಗ ಇಲ್ಲೇ ಇದಾರೆ. ಬೇಸಿಗೆ ಶುರುವಾದಾಗಿಂದ ಇಲ್ಲೇ ಇದಾರೆ. ಕೆಲಸ ಇಲ್ಲ ಅವರಿಗೆ. ಐಸೆಲಿನ್‌ನಲ್ಲಿ ಗೆಸ್ಟ್ ಹೌಸ್‌ನಲ್ಲಿದಾರೆ."

ಅಜ್ಜಿ ಪರದೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಬದನಿಕಾಯಿ ತರೋ ಐಸೆಲಿನ್ನಾ?"

ಅಮ್ಮ ತಲೆಯಾಡಿಸಿದಳು. ಅಳುವುದಕ್ಕೂ ಅವಳಿಗೆ ತ್ರಾಣವಿದ್ದಂತೆ ಕಾಣಲಿಲ್ಲ. ಬೈಯುತ್ತಾಳೆ ಎಂದು ನಾನು ಕಾದಿದ್ದೆ, ಅಜ್ಜಿ ಬೈಯಲಿಲ್ಲ. ದೀಪವನ್ನು ಹೂವಿನಿಂದ ಆರಿಸಿ, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಕಾರು ತೆಗಿ ಎಂದಷ್ಟೇ ಹೇಳಿದಳು. ಟರ್ನ್‌ಪೈಕ್ ಹೆದ್ದಾರಿಯುದ್ದಕ್ಕೂ ಅವಳು ಆ ತಟ್ಟೆಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕೂತು, ಅಪ್ಪ ತೋಳು ನೋವಿಲ್ಲದವನು, ಅಪ್ಪ ಪಾರಿವಾಳಕ್ಕೆ ಕಾಳು ಹಾಕದವನು, ಅಪ್ಪ ದಪ್ಪಗಿಲ್ಲದವನು ಎಂದು ಒಂದೊಂದನ್ನೇ ವಾಪಸು ತೆಗೆದುಕೊಳ್ಳುತ್ತಿದ್ದೆ. ತೆಗೆದುಕೊಂಡ ಮೇಲೆ ಏನು ಉಳಿಯುತ್ತದೆ ಎಂದು ತಿಳಿಯದೆ ಭಯವಾಯಿತು.

ಅಂಗಡಿ ಸಾಲಿನ ಹಿಂದಿನ ಬೀದಿಯಲ್ಲೊಂದು ಬಿಳಿ ಮನೆ. ಮೆಟ್ಟಿಲ ಮೇಲೆ ಗಂಡಸರ ಚಪ್ಪಲಿ ಬೂಟುಗಳ ರಾಶಿ ಬಿದ್ದಿತ್ತು. ಬಾಗಿಲು ತೆರೆದದ್ದು ಅಪ್ಪನೇ. ಬನಿಯನ್ನು, ಪೈಜಾಮ, ಬರಿಗಾಲು. ಕೊರಳೆಲುಬು ಎದ್ದು ಕಾಣುತ್ತಿತ್ತು. ಅವನ ಹಿಂದೆ ಗೋಡೆಯ ಮೊಳೆಗೆ ಕೆಂಪು ಟೋಪಿ ತೂಗುಹಾಕಿತ್ತು. ನಮ್ಮನ್ನು ನೋಡಿ ಅವನು ಬಾಗಿಲ ಹಿಂದಕ್ಕೆ ಅರ್ಧ ಸರಿದ. ಅಜ್ಜಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಅಲ್ಲೆ ಚಲೋ ಇದ್ದೆಲ್ಲೋ ತಮ್ಮಾ," ಎಂದಳು. "ಮೈ ಕೈ ತುಂಬಿಕೊಂಡಿದ್ದಿ."

ಅಪ್ಪ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ತಟ್ಟೆ ತೆರೆಯಲಿಲ್ಲ. ಪೂಜೆ ಮನೆಯಲ್ಲಿ, ಇಲ್ಲಿ ಅಲ್ಲ ಎಂದಳು. ಕೆಲಸ ಸಿಕ್ಕ ಮೇಲೆ ಬರುತ್ತೇನೆ ಎಂದು ಅಪ್ಪ ಏನೇನೋ ಹೇಳತೊಡಗಿದ. ಅಜ್ಜಿ ಅವನ ಬ್ಯಾಗನ್ನು ಅಷ್ಟರಲ್ಲೇ ತುಂಬತೊಡಗಿದ್ದಳು. ಬರುವಾಗ ಅವಳು ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಲಿಲ್ಲ. ಮನೆಗೆ ಬಂದು ಅಪ್ಪ ಬಾತ್‌ಟಬ್ಬಿನಲ್ಲಿ ತನ್ನ ಕಾಲು ತಾನೇ ತೊಳೆದುಕೊಂಡ. ಆಮೇಲೆ ಅಮ್ಮ ಪೂಜೆ ಮಾಡಿದಳು, ಅಪ್ಪ ಬೆರಳು ಮಡಚಿಕೊಂಡು ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದಾರ ಕಟ್ಟುವಾಗ ಅವನ ಕೈಯಲ್ಲಿ ಗಂಟು ಬೀಳಲಿಲ್ಲ, ಅಜ್ಜಿ ಕಟ್ಟಿಕೊಟ್ಟಳು.

ಮಾರನೆಯ ಬೆಳಿಗ್ಗೆ ನಾನು ಎದ್ದವಳೇ ಅಭ್ಯಾಸದ ಮೇಲೆ ಕಂಪ್ಯೂಟರ್ ಹಚ್ಚಿದೆ. ಅಪ್ಪ ಸೋಫಾದ ಮೇಲೆ ಮಲಗಿದ್ದ, ಎಚ್ಚರಾಗಿತ್ತು. ಅಜ್ಜಿ ಟವೆಲ್ ಸುತ್ತಿಕೊಂಡು ಬಂದು ತನ್ನ ಜಾಗದಲ್ಲಿ ಕೂತಳು. ಕೆಂಪು ಟೋಪಿಯ ಮನುಷ್ಯ ಬಂದಿದ್ದ. ಅಜ್ಜಿ ಎಂದಿನಂತೆ ಕೈ ಮುಗಿದಳು. ನಾನು ಬಂದ್ ಮಾಡಲು ಹೋದೆ.

"ಇರಲಿ ಬಿಡು. ಇಷ್ಟು ದಿನ ನೋಡೀವಿ. ಪಾಪ, ಅವನ ಮನ್ಯಾಗೂ ಯಾರರ ಕಾಯ್ತಿರಬೇಕು."

ನಾನು ಮುಂದಕ್ಕೆ ಬಾಗಿ ಅವನನ್ನು ನೋಡಿದೆ. ಅವನು ನನಗೆ ಪ್ರತಿ ಬೆಳಿಗ್ಗೆ ಸಿಕ್ಕಿದ್ದ, ಒಂದು ದಿನವೂ ತಪ್ಪಿಸಿರಲಿಲ್ಲ. ನನಗೆ ಅವನು ಬೇಕಾಗಿದ್ದ, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಹಿಂದಿನಿಂದ ಅಪ್ಪ ಮೆಲ್ಲಗೆ "ಅಮೂ" ಎಂದು ಕರೆದ. ನಾನು ತಟಕ್ಕನೆ ತಲೆ ಎತ್ತಿ ಪರದೆಯ ಕಡೆಗೆ "ಹಾಂ ಅಪ್ಪಾ" ಎಂದೆ.

ಹೇಳಿದ ಮೇಲೆ ಗೊತ್ತಾಯಿತು. ತಿರುಗಿ ನೋಡಿದಾಗ ಅಪ್ಪ ಎದ್ದು ಕೂತು ನನ್ನನ್ನೇ ನೋಡುತ್ತಿದ್ದ. ಅವನು ಮತ್ತೆ ಕರೆಯಲಿಲ್ಲ.